ಚನ್ನುವಿನ ಪಾಲಿನ ನೀರು

ಕಾರ್ಗಿಲ್ ವಿಜಯದ ದಿನ ಬಂತೆಂದರೆ ನವಿ ಮುಂಬಯಿಯ ನೆರೂಳದ ನಮ್ಮ ಸೊಸೈಟಿಯವರಿಗೆ ವಾಚ್‌ಮನ್ ಗುರುಪಾದಪ್ಪ ಮಾಜಿ ಸೈನಿಕನೆಂಬುದು ನೆನಪಾಗುತ್ತಿತ್ತು. ಉಳಿದ ದಿನಗಳಲ್ಲಿ ಅವನು ಗೇಟು ತೆರೆಯುವವನು. ಮೈಕು ಕೈಗೆ ಕೊಟ್ಟು, “ಕುಛ್ ಲಡಾಯಿ ಕಾ ಬತಾವೋ” ಎಂದು ಯುದ್ಧದ ಸುದ್ದಿ ಕೇಳಿದರೆ, “ಥಂಡಿ ಬಹುತ್ ಥಾ” ಎಂದು ಅಲ್ಲಿನ ಚಳಿಯನ್ನಷ್ಟೇ ಹೇಳಿ ಇಳಿದುಬಿಡುತ್ತಿದ್ದ. ಬಟಾಟೆವಡೆ ತಿನ್ನುತ್ತ ಕುಳಿತ ನಮಗೆ ಗುಂಡಿನ ಮಳೆ ಬೇಕಿತ್ತು, ನಿರಾಸೆಯಾಗುತ್ತಿತ್ತು.

ಯುದ್ಧದ ಕಥೆಯನ್ನು ಅವನು ಒಬ್ಬರಿಗೆ ಮಾತ್ರ ಹೇಳಿದ್ದ, ಅದೂ ಸುಳ್ಳು. ಹತ್ತಿರದ ಕಾಮೋಠೆಯಲ್ಲಿ ತನ್ನ ಮಗಳು ಸೌಭಾಗ್ಯಳ ಜೊತೆಗಿದ್ದ ಕಾಳವ್ವನಿಗೆ. ಅವಳ ಮಗ ಚನ್ನು ಸತ್ತದ್ದು ಆ ಯುದ್ಧದಲ್ಲಿ, ಗುರುಪಾದಪ್ಪನ ಪಕ್ಕದಲ್ಲೇ. ರಜೆಯಲ್ಲಿ ಮಾತಾಡಿಸಲು ಹೋದಾಗ ಅವಳು ಕೇಳಿದ್ದು ಒಂದೇ ಮಾತು.

“ಅವನ ಬಾಯಾಗ ನೀರ ಬಿಟ್ರೇನಪ್ಪಾ?”

“ನಾನ ಬಿಟ್ಟೇನಿ, ಅವ್ವಾ” ಎಂದುಬಿಟ್ಟ.

ನಡೆದದ್ದು ಬೇರೆ. ಬಂಡೆಯ ಮರೆಯಲ್ಲಿ ಇದ್ದವರು ಇಬ್ಬರೇ. ಮೇಲಿನಿಂದ ಗುಂಡು ನಿಂತಿರಲಿಲ್ಲ, ತಲೆ ಎತ್ತುವಂತಿರಲಿಲ್ಲ. ಚನ್ನುವಿಗೆ ಹೊಟ್ಟೆಗೇ ಬಿದ್ದಿತ್ತು. ಹೊಟ್ಟೆಗೆ ಗುಂಡು ತಗುಲಿದವನಿಗೆ ನೀರು ಕೊಡಬಾರದೆಂದು ಪಲ್ಟನ್ನಿನಲ್ಲಿ ಕಲಿಸಿದ್ದರು. ಬದುಕಲಿ ಎಂದೇ ಗುರುಪಾದಪ್ಪ ಬಾಟಲಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಚನ್ನು ಮೊದಲು ಬೇಡಿದ, ಆಮೇಲೆ ಬೈದ, ಕೊನೆಗೆ ತುಟಿ ಮಾತ್ರ ಆಡಿಸಿದ. ಸ್ಟ್ರೆಚರ್ ಬರುವಷ್ಟರಲ್ಲಿ ತಣ್ಣಗಾಗಿದ್ದ. ಬಾಟಲಿಯಲ್ಲಿ ನೀರು ಹಾಗೇ ಇತ್ತು.

ಫೌಜು ಬಿಟ್ಟು ಇಲ್ಲಿಗೆ ಬಂದ ಮೇಲೆ ಪ್ರತಿವರ್ಷ ಚನ್ನುವಿನ ಪುಣ್ಯತಿಥಿಗೆ ಕಾಳವ್ವನ ಕರೆ ತಪ್ಪುತ್ತಿರಲಿಲ್ಲ. ಮೊದಲ ತಾಟು ಅವನಿಗೇ. “ನನ್ನ ಮಗಗ ನೀರ ಕೊಟ್ಟ ಕೈ ಇದು” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಅವನು ಹೋಳಿಗೆ ಗಂಟಲಲ್ಲಿ ಇಳಿಸುತ್ತಿದ್ದ, ಆ ಮನೆಯ ನೀರು ಮಾತ್ರ ಮುಟ್ಟುತ್ತಿರಲಿಲ್ಲ.

2013ರ ಮಳೆಗಾಲದಲ್ಲಿ ಕಾಳವ್ವ ಹಾಸಿಗೆ ಹಿಡಿದಳು. ಇನ್ನೇನೂ ಉಳಿದಿಲ್ಲವೆಂದು ಡಾಕ್ಟರು ಮನೆಗೆ ಕಳಿಸಿದ್ದರು. ಮಗಳು ನೀರು ಹಿಡಿದರೆ ಬಾಯಿ ಬಿಗಿಯುತ್ತಿದ್ದಳು.

“ಗುರುಪಾದನ್ನ ಕರಸು. ಆ ಕೈಲೆ ಕುಡೀತೇನಿ.”

ಬಂದವನ ಕೈಗೆ ಸೌಭಾಗ್ಯ ಚಮಚ ಕೊಟ್ಟಳು. ಸುಮ್ಮನೆ ಎರಡು ಹನಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅವನು ಚಮಚ ಕೆಳಗಿಟ್ಟ.

“ಅವ್ವಾ, ಚನ್ನೂಗ ನಾ ನೀರ ಕೊಟ್ಟಿಲ್ಲ. ಭಾಳ ಬೇಡಿದ. ಕೊಟ್ರ ಸಾಯ್ತಾನಂತ ಕೊಡಲಿಲ್ಲ.”

ಕಾಳವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಸೌಭಾಗ್ಯಳಿಗೆ ತಾಯಿ ಹೋಗೇ ಬಿಟ್ಟಳೇನೋ ಎನಿಸಿತಂತೆ. ಗುರುಪಾದಪ್ಪ ಎದ್ದು ಚಪ್ಪಲಿ ಮೆಟ್ಟಿದ.

“ಎಲ್ಲಿ ಹೊಂಟಿ?” ಮುಖ ಇನ್ನೂ ಗೋಡೆಯ ಕಡೆಗೇ ಇತ್ತು. “ಅವಂಗಂತೂ ಕೊಡಲಿಲ್ಲ. ನನಗರ ಕೊಡು.”

ಅವನು ಚಪ್ಪಲಿ ಬಿಟ್ಟು ಬಂದ. ಗೋಡೆಯ ಕಡೆಗಿದ್ದ ಬಾಯಿಗೆ ಚಮಚ ಹಿಡಿದಾಗ ಅರ್ಧ ನೀರು ದಿಂಬಿನ ಮೇಲೆ ಚೆಲ್ಲಿತು. ಉಳಿದದ್ದನ್ನು ಅವಳು ಕುಡಿದಳು.