ಶಿವಲಿಂಗವ್ವನನ್ನು ಮದ್ರಾಸಿಗೆ ಒಯ್ದ ನಂಬರು

ಮಲ್ಲುವಿಗೆ ಇಂಟರ್ನೆಟ್ ಅಂಗಡಿಯಲ್ಲಿ ಸಿಗುವುದು ದಿನಗೂಲಿ. ಇಳಕಲ್ಲಿನ ಅವನ ಓಣಿಯಲ್ಲಿ ಸಿಗುವ ಹೆಸರು ಮಾತ್ರ ‘ಇಂಜಿನಿಯರ್'. ಮೆಟ್ರಿಕ್‌ನಲ್ಲಿ ಇಂಗ್ಲಿಷಿಗೆ ಮೂವತ್ತೈದೇ ಬಂದಿತ್ತೆಂಬುದನ್ನು ಓಣಿ ಮರೆತಿತ್ತು, ಅವನೂ ಮರೆತಿದ್ದ.

೨೦೦೭ರ ಬೇಸಿಗೆಯಲ್ಲಿ ಅವನು ಮಾಡಿದ ಇಂಜಿನಿಯರಿಕೆ ಇದು. ಪಕ್ಕದ ಮನೆಯ ಶಿವಲಿಂಗವ್ವ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನಲವತ್ತು ವರ್ಷ ಸೀರೆ ನೇಯ್ದವಳು. ಅಷ್ಟೂ ಸೀರೆ ಹೋದದ್ದು ಸಾವಕಾರರ ಹೆಸರಿನಲ್ಲಿ. ನೇಯ್ದವರ ಹೆಸರು, ಊರು ಅಚ್ಚು ಹಾಕಿ ಮಾರುವ ಬೆಂಗಳೂರಿನ ಕಂಪನಿಯೊಂದು ಇಂಟರ್ನೆಟ್ಟಿನಲ್ಲಿದೆ ಎಂದು ಮಲ್ಲು ಹೇಳಿದಾಗ ಮೊದಲು ನಕ್ಕಳು. ಆಮೇಲೆ ಹದಿನೈದು ದಿನ ಕೂತು, ಕೆಂಪು ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಇಳಕಲ್ಲಿಗೇ ವಿಶಿಷ್ಟವಾದ ಕೊಂಡಿ ಹಾಕಿ ನೇಯ್ದುಕೊಟ್ಟಳು. ಮಲ್ಲು ಫಾರಂ ತುಂಬಿದ. ಕೊನೆಗೆ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಏನೋ ಕೇಳಿತು. ಓದದೆ ‘ಓಕೆ' ಒತ್ತಿದ. ಇಂಜಿನಿಯರುಗಳಿಗೆ ಓದಲು ಪುರಸೊತ್ತೆಲ್ಲಿ?

ಬೆಂಗಳೂರಿಗೆ ಕಳಿಸಿದ ಸೀರೆ ತಿಂಗಳಿಗೆ ಮರಳಿ ಬಂತು. ಜೊತೆಗೊಂದು ಚೀಟಿ: ‘ಮಾರುವವರು ಇರುವುದು ಚೆನ್ನೈನಲ್ಲಿ. ಇಳಕಲ್ ಸೀರೆ ಎಂದು ಒಪ್ಪಲಾಗದು.'

“ಚೆನ್ನೈ ಅಂದ್ರ ಮದ್ರಾಸ್ ಹೌದಲ್ಲೋ?” ಶಿವಲಿಂಗವ್ವನ ದನಿ ಏರಿತು. “ಕೂಡಲಸಂಗಮ ಬಿಟ್ಟು ಮುಂದ ಹೆಜ್ಜಿ ಇಟ್ಟಾಕಿ ಅಲ್ಲ ನಾ. ಯಾವ ಖೋಡಿ ನನ್ನ ಮದ್ರಾಸಿಗೆ ಒಯ್ದಾಂವ?”

“ದೊಡ್ಡವ್ವ, ನಮ್ಮ ಕಂಪ್ಯೂಟರಿಗೆ ಒಂದು ನಂಬರ್ ಇರ್ತೈತಿ. ಅದನ್ನ ನೋಡಿ ಊರು ಅಂದಾಜು ಮಾಡ್ತಾರ. ನಮಗ ಲೈನ್ ಕೊಟ್ಟವರು ಆ ನಂಬರ್ ಚೆನ್ನೈ ಹೆಸರಿಗೆ ಬರಸ್ಯಾರ.”

“ಅಂದಾಜು! ನಿನ್ನ ಕೇಳಲಿಲ್ಲೇನು?”

“ಕೇಳಿತ್ತು. ಚೆನ್ನೈ ಹೌದಲ್ಲೋ ಅಂತ. ಈಗ ತಗದು ನೋಡಿದ್ನಿ.” ಮಲ್ಲು ಬಾಗಿಲ ಕಡೆ ಸರಿದ. “ನಾ ಓದದ ಹೌದು ಅಂದ್ನಿ.”

ಅವಳ ಕೈಲಿದ್ದ ಮಗ್ಗದ ಲಾಳಿ ಅವನ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿಯಿತು. “ಹಚ್ಚು ಫೋನು, ಮಂಗ್ಯಾನ ಮಗನ!”

ಅಂಗಡಿಯ ಫೋನಿನಿಂದ ಹಚ್ಚಿಕೊಟ್ಟ. ಆಚೆ ಬೆಂಗಳೂರಿನ ನಯವಾದ ದನಿ. “ನೋಡಿ ಅಮ್ಮ, ನಕಲಿ ತುಂಬಾ ಬರುತ್ತೆ. ನಮ್ಮ ಸಿಸ್ಟಮ್ ತಪ್ಪು ಹೇಳೋದಿಲ್ಲ.”

“ಸೆರಗು ಹೊಳ್ಳಿಸಿ ನೋಡಿದ್ಯೋ? ಆ ಕೊಂಡಿ ಮದ್ರಾಸಿನಾಗ ಯಾರು ಹಾಕ್ತಾರ, ನಿಮ್ಮಪ್ಪ?”

“ಬಟ್ಟೆ ನೋಡೋದು ನಮ್ಮ ವಿಭಾಗ ಅಲ್ಲ, ಅಮ್ಮ.”

“ಹೊಳ್ಳಿ ಕಳಸಾಕ ಇಳಕಲ್ ಸಿಕ್ತು, ನಮ್ಮ ಓಣಿ ಸಿಕ್ತು, ನನ್ನ ಬಾಗಲಾ ಸಿಕ್ತು. ಹೆಸರು ಹಾಕಾಕ ಅಷ್ಟ ಮದ್ರಾಸ್ ಆತೇನು?”

ಆಚೆ ಕೀಲಿಮಣೆ ಟಕಟಕ ಎಂದಿತು. “‘ಇಳಕಲ್ ಮಾದರಿ' ಅಂತ ಹಾಕಿ ಮಾರಬಹುದು. ನಿಮ್ಮ ಹೆಸರು ಇರೋದಿಲ್ಲ.”

ಒಪ್ಪಿಕೋ ಎಂದು ಮಲ್ಲು ಸನ್ನೆ ಮಾಡಿದ. ಶಿವಲಿಂಗವ್ವ ಫೋನನ್ನು ಕುಕ್ಕಿದ ರಭಸಕ್ಕೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮನೆಗೆ ಹೋದವಳು ಹೊರಬಂದದ್ದು ಅದೇ ಸೀರೆ ಉಟ್ಟು. ಮಾರುವ ಸೀರೆಯನ್ನು ಅವಳು ಮೈಮೇಲೆ ಹಾಕಿಕೊಂಡಿದ್ದು ಅದೇ ಮೊದಲು. ಸುಡುವ ಮಧ್ಯಾಹ್ನ. “ನಡಿ ಪ್ಯಾಟಿಗೆ. ಯಾರು ನೇದಾರ ಅಂತ ಕೇಳಿದ್ರ ನೀ ಹೇಳಬೇಕು.”

ಇಂಜಿನಿಯರ್ ತಲೆ ತಗ್ಗಿಸಿ ಹಿಂದೆ ನಡೆದ. ಸಾವಕಾರರ ಅಂಗಡಿಸಾಲಿನಲ್ಲಿ ಬಳೆಗಾರ್ತಿ ಅಮೀನಬಿ ಸೆರಗು ಹಿಡಿದು ನಿಲ್ಲಿಸಿದಳು. “ಯಾರು ನೇದಿದ್ದಬೇ ಇದು?”

“ಶಿವಲಿಂಗವ್ವ. ಇಳಕಲ್,” ಎಂದು ಮಲ್ಲು ಗೊಣಗಿದ.

“ಆ ಕಂಪ್ಯೂಟರಿಗೆ ಹೌದು ಅನ್ನೂಮುಂದ ಭಾಳ ಗಟ್ಟಿ ಇದ್ದಿ,” ಶಿವಲಿಂಗವ್ವ ತಿರುಗಿಯೂ ನೋಡಲಿಲ್ಲ. “ಒದರು.”

ಮಲ್ಲು ಒದರಿದ. ಸಾವಕಾರರು ಗಾದಿಯಿಂದ ಕತ್ತು ಚಾಚಿದರು. ಅವಳ ಸಿಟ್ಟು ಇಳಿದಿರಲಿಲ್ಲ. ಪೇಟೆ ಇನ್ನೂ ಅರ್ಧ ಉಳಿದಿತ್ತು.