ಪೆಟ್ಟಿಗೆಯ ಹಳೆ ಸೀರೆ ಮತ್ತು ನನ್ನ ಮಗು

ಕೊರೋನಾ ಗಲಾಟೆ ತಣ್ಣಗಾದ ವರ್ಷ ನನಗೆ ಗಂಡು ಮಗು ಹುಟ್ಟಿತು. ಬಾಣಂತನಕ್ಕೆ ಮರ್ಕಂಜದ ತವರಿಗೆ ಬಂದೆ. ನಮ್ಮ ಮನೆಯಲ್ಲಿ ಹಸುಗೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ, ಅಜ್ಜಿಯ ಹಳೆ ನೂಲಿನ ಸೀರೆಯಲ್ಲೇ ಸುತ್ತುವುದು. ಅದಕ್ಕೆಂದೇ ಅಮ್ಮ ಪೆಟ್ಟಿಗೆಯಲ್ಲಿ, ಹುಳ ಹಿಡಿಯಬಾರದೆಂದು ನುಸಿಗುಳಿಗೆ ಹಾಕಿ, ತನ್ನ ಹಳೆ ಸೀರೆಗಳನ್ನು ಜೋಪಾನವಾಗಿ ಇಟ್ಟಿದ್ದಳು. ತೆಗೆದವಳೇ ಮಗುವಿಗೆ ಸುತ್ತಿದಳು. "ಎಷ್ಟು ಮೆತ್ತಗೆ ಉಂಟು ನೋಡು" ಎಂದು ಅವಳಿಗೆ ಹಿಗ್ಗೋ ಹಿಗ್ಗು.

ವಾರ ಕಳೆಯುವುದರೊಳಗೆ ಮಗು ಅರಿಶಿನ ಹಚ್ಚಿದ ಹಾಗೆ ಹಳದಿಯಾಯಿತು. ಹಾಲು ಕುಡಿಯಲಿಲ್ಲ, ಅಳಲಿಕ್ಕೂ ತ್ರಾಣವಿಲ್ಲ. "ಎಳೆ ಬಿಸಿಲಿಗೆ ಹಿಡಿದ್ರೆ ಹೋಗ್ತದೆ" ಎಂದ ನೆರೆಮನೆಯವರ ಮೇಲೆ ಹರಿಹಾಯ್ದೆ. ಜೀಪು ಹಿಡಿದು ಪುತ್ತೂರಿಗೆ ಓಡಿದೆವು.

ಮಕ್ಕಳ ಡಾಕ್ಟರು ಸೀರೆ ಮೂಸಿ ನೋಡಿ, "ಇದೆಂತ, ನುಸಿಗುಳಿಗೆ ವಾಸನೆಯಾ?" ಎಂದು ಕೂಡಲೇ ತೆಗೆಸಿದರು. ಮಗುವಿನ ರಕ್ತಕಣಗಳು ಒಡೆಯುತ್ತಿದ್ದವಂತೆ. ನೀಲಿ ಬೆಳಕಿನಡಿ ಮಲಗಿಸಿ ರಕ್ತ ಕೊಟ್ಟರು. ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ದೇವರು ದೊಡ್ಡವನು, ಮಗು ಉಳಿಯಿತು.

ಆಮೇಲೆ ಮಗುವಿನದು, ನನ್ನದು, ಅಮ್ಮನದು, ಮೂವರ ರಕ್ತವನ್ನೂ ಜೀನ್ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರು ಬಿಡಿಸಿ ಹೇಳಿದರು: "ರಕ್ತಕಣ ಕಾಯುವ ಒಂದು ಜೀನ್‌ನಲ್ಲಿ ಸಣ್ಣ ವ್ಯತ್ಯಾಸ ಉಂಟು. ನಿಮ್ಮ ಅಮ್ಮನಿಂದ ನಿಮಗೆ, ನಿಮ್ಮಿಂದ ಮಗನಿಗೆ ಬಂದದ್ದು. ಹೆಂಗಸರಲ್ಲಿ ಹೆಚ್ಚಾಗಿ ಗೊತ್ತೇ ಆಗುದಿಲ್ಲ. ನುಸಿಗುಳಿಗೆ, ಕೆಲವು ಮಾತ್ರೆ ದೂರ ಇಟ್ಟರೆ ಇವನು ಎಲ್ಲರ ಹಾಗೆ ಬೆಳೀತಾನೆ. ಯಾರದ್ದೂ ತಪ್ಪಲ್ಲ."

ಅಮ್ಮನಿಗೆ ಕೊನೆಯ ಮಾತು ಕೇಳಿಸಲೇ ಇಲ್ಲ. "ಸೀರೆಯೂ ನನ್ನದೇ, ರಕ್ತವೂ ನನ್ನದೇ" ಎಂದು ಅಳುತ್ತಾ ಮೂಲೆ ಹಿಡಿದಳು. ಎಷ್ಟು ಕರೆದರೂ ಮಗುವನ್ನು ಮುಟ್ಟಲಿಲ್ಲ.

ಅಷ್ಟರಲ್ಲಿ ಗಂಡನ ಊರು ಇಚಿಲಂಪಾಡಿಯಿಂದ ಅತ್ತೆ ಬಂದರು. ಅವರ ಬಾಯಿಗೆ ಊರೇ ಹೆದರುತ್ತದೆ. ಇವತ್ತು ಅಮ್ಮನ ಗ್ರಹಚಾರ ಬಿಡಿಸುತ್ತಾರೆ ಎಂದುಕೊಂಡೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಮಗುವನ್ನು ಎತ್ತಿ ನೇರ ಅಮ್ಮನ ಹತ್ತಿರ ಹೋದರು.

"ಎಂತಕ್ಕೆ ಕೂಗುದು ಮಾರಾಯ್ರೆ? ನಿಮ್ಮ ಮಗಳನ್ನು ನಾವು ರಕ್ತ ಪರೀಕ್ಷೆ ಮಾಡಿಸಿ ಮನೆ ತುಂಬಿಸಿಕೊಂಡದ್ದಾ? ಬಾಣಂತನ ಇನ್ನೂ ಮುಗೀಲಿಲ್ಲ. ಬಾಬೆಯನ್ನು ಮೀಯಿಸುದು ಯಾರು? ನನಗೆ ಸೊಂಟ ಬಗ್ಗುದಿಲ್ಲ. ಹಿಡ್ಕೊಳ್ಳಿ!"

ಹಾಗೆಂದು ಮಗುವನ್ನು ಅಮ್ಮನ ಮಡಿಲಿಗೆ ಹಾಕಿಯೇಬಿಟ್ಟರು. ಅಮ್ಮ ಅವನನ್ನು ಎದೆಗವಚಿಕೊಂಡು ಗೊಳೋ ಎಂದು ಅತ್ತಳು. ನಾನೂ ಅತ್ತುಬಿಟ್ಟೆ.

ಅವತ್ತು ಅತ್ತೆ ಒಂದೇ ಒಂದು ಕೊಂಕು ಮಾತು ಆಡಿದ್ದರೂ ನನ್ನ ಅಮ್ಮ ಮತ್ತೆಂದೂ ಮೊಮ್ಮಗನನ್ನು ಎತ್ತಿಕೊಳ್ಳುತ್ತಿರಲಿಲ್ಲ.