ಭಾವನ ಕೋವಿಗೆ ನಾನು ತಂದ ಮೌಂಟ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕೋವಿಯ ಮೇಲೆ ದುರ್ಬೀನು ಕೂರಿಸುವ ಮೌಂಟ್ ಕೊಳ್ಳಲು ಹೋದ ನಾನು ಅಂಗಡಿಯವರಿಗೆ ಕೋವಿಯನ್ನೂ ತೋರಿಸಲಿಲ್ಲ, ಅಳತೆಯನ್ನೂ ಕೊಡಲಿಲ್ಲ. ಕೋವಿಯನ್ನು ಅಭಿನಯಿಸಿ ತೋರಿಸಿದೆ. ನೀವು ನಗುತ್ತೀರಿ, ಅವರೂ ನಕ್ಕಿದ್ದರು, ಎಡವಟ್ಟಾದದ್ದೇ ಅಲ್ಲಿ.

ನಿನ್ನೆ ಎರ್ನಾಕುಲಂನ ಕನ್ನಡಕದಂಗಡಿಯಲ್ಲಿ ಇದೆಲ್ಲ ನೆನಪಾಯಿತು. ಈಚೆಗೆ ಕೊಚ್ಚಿಗೆ ವರ್ಗವಾಗಿ ಬಂದ ಭಾವನಿಗೆ ಹೊಸ ಫ್ರೇಮು ಬೇಕಿತ್ತು. “ಅವರ ಮೂಗು ಹೇಗೆ?” ಎಂದು ಅಂಗಡಿಯವನು ಕೇಳಿದ್ದೇ ತಡ, ನನ್ನ ಕೈ ತಾನಾಗಿ ಮೂಗಿಗೆ ಏರಿತು.

ಮೌಂಟಿನ ಕತೆ ನಾಲ್ಕೈದು ವರ್ಷ ಹಿಂದಿನದು, ಆಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಅಕ್ಕ, ಭಾವ ತಿರುವನಂತಪುರದಲ್ಲಿ. ನಾನು ಕೊಚ್ಚಿಯ ಬ್ಯಾಂಕೊಂದರಲ್ಲಿ ಗುಮಾಸ್ತ. ರಜೆ ಸಿಕ್ಕರೆ ಬಸ್ಸು ಹತ್ತುತ್ತಿದ್ದೆ. ಕೂತಲ್ಲಿ ಕೂರುವ ಜಾತಕವೇ ನನ್ನದಲ್ಲ. ಮ್ಯಾನೇಜರರ ಕೆಮ್ಮು, ಕಂಡಕ್ಟರನ ಸೀಟಿ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಭಾವ ಗುರಿಯಿಡುವಾಗ ಕೆನ್ನೆ ಸೊಟ್ಟ ಮಾಡುವುದಂತೂ ನನ್ನ ಖಾಸಾ ಐಟಂ. ಕಣ್ಣು ಮಂಜಾಗಿ ಹಾಗೆ ಮಾಡುತ್ತಾರೆಂದು ಗೊತ್ತಾದದ್ದು ತಡವಾಗಿ.

ಭಾವನ ರೈಫಲ್ ಕ್ಲಬ್ಬಿನ ತಂಡಕ್ಕೆ ಬರುವ ಭಾನುವಾರ ಆಯ್ಕೆ. ಅವರ ಬರಿಗಣ್ಣಿಗೆ ಗುರಿ ಕದಡುತ್ತಿತ್ತು. ದುರ್ಬೀನಿಗೆ ಅಲ್ಲಿ ಅಡ್ಡಿಯಿರಲಿಲ್ಲ. ಭಾವನ ಬಳಿ ಒಂದಿತ್ತು ಕೂಡ. ಅದನ್ನು ಕೂರಿಸುವ ಮೌಂಟ್ ಮಾತ್ರ ಕೊಚ್ಚಿಯಿಂದ ಬರಬೇಕಿತ್ತು.

“ರಟ್ಟಿನಲ್ಲಿ ಅಳತೆ ಕತ್ತರಿಸಿ ಕೊಡ್ತೇನೆ, ತೆಗೊಂಡು ಹೋಗು.”

“ಎಂತಕ್ಕೆ ಭಾವ? ನಿಮ್ಮ ಕೋವಿ ನನಗೆ ಬಾಯಿಪಾಠ ಉಂಟು.”

ಕೊಚ್ಚಿಯಲ್ಲಿ ಬಂದೂಕಿನಂಗಡಿಯ ಔಸೇಪ್ ಚೇಟ್ಟನ್, ಅಂದರೆ ಔಸೇಪಣ್ಣ, ಮೌಂಟುಗಳನ್ನು ಸಾಲಾಗಿ ಇಟ್ಟು ಮಲಯಾಳದಲ್ಲಿ ಪಾಠವನ್ನೇ ಶುರುಮಾಡಿದರು. “ಮೋನೇ, ಒಂದೊಂದು ಕೋವಿಗೆ ಒಂದೊಂದು ಬೆನ್ನು. ಬೆನ್ನು ದುಂಡಗಿದ್ದರೆ ತೂತು ಕೊರೆದು ಸ್ಕ್ರೂ ಹಾಕಬೇಕು. ಬೆನ್ನುದ್ದಕ್ಕೆ ಗೀರಿದ ತೋಡು ಇದ್ದರೆ ಅದಕ್ಕೆ ಕಚ್ಚಿಸಿದರೆ ಸಾಕು. ಗುಂಡು ತುಂಬುವಾಗ ಬೋಲ್ಟಿನ ಹಿಡಿ ಎಷ್ಟು ಮೇಲೇಳುತ್ತದೆ? ಅದರ ಮೇಲೆ ಮೌಂಟಿನ ಎತ್ತರ.”

ತೋಡು ಇತ್ತೆಂದು ನೆನಪಿತ್ತು, ಹೇಳಿದೆ. ಉಳಿದದ್ದಕ್ಕೆ ನಾನೇ ಕೋವಿಯಾದೆ. ಒಂದು ಕಣ್ಣು ಮುಚ್ಚಿ, ಕೆನ್ನೆ ಸೊಟ್ಟ ಮಾಡಿ, ಮೊಣಕೈಯನ್ನು ಪಕ್ಕಕ್ಕೆ ಎಳೆದು, “ಖಟಕ್!” ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಚೇಟ್ಟನ್ ಕಣ್ಣೊರೆಸಿಕೊಂಡು, ನನ್ನ ಮೊಣಕೈಯನ್ನೇ ನಂಬಿ, ಒಂದು ತಗ್ಗು ಮೌಂಟ್ ಕಟ್ಟಿಕೊಟ್ಟರು. ಆ ನಗು ಕಿವಿಗೆ ಬಿದ್ದ ಮೇಲೆ ನಾನು ಏನನ್ನೂ ಮತ್ತೆ ಕೇಳುವ ಗಿರಾಕಿಯಲ್ಲ.

ಶನಿವಾರ ಸಂಜೆ ತಿರುವನಂತಪುರದಲ್ಲಿ ಮೌಂಟ್ ಕೋವಿಯ ತೋಡಿಗೆ ಗಟ್ಟಿಯಾಗಿ ಕಚ್ಚಿತು. ಭಾವ ದುರ್ಬೀನಿಗೆ ಕಣ್ಣಿಟ್ಟು, ಎದುರು ತೆಂಗಿನ ಮೇಲಿನ ಕಾಗೆ ನೋಡಿ, “ಕಾಣ್ತದೆ! ಕೊಕ್ಕು ಸಮೇತ ಕಾಣ್ತದೆ!” ಎಂದು ಕೂಗಿದರು. ಅಕ್ಕ ಸೌಟು ಹಿಡಿದೇ ಓಡಿಬಂದಳು. ಆಮೇಲೆ ಭಾವ ಬೋಲ್ಟ್ ಎತ್ತಿದರು. ಠಣ್! ಹಿಡಿ ದುರ್ಬೀನಿಗೆ ಬಡಿಯಿತು. ಮತ್ತೆ ಎತ್ತಿದರು, ಮತ್ತೆ ಠಣ್. ಬೋಲ್ಟ್ ತೆರೆಯದೆ ಗುಂಡು ತುಂಬುವುದೆಲ್ಲಿಂದ? ಆ ಹಿಡಿ ನೆಟ್ಟಗೆ ಮೇಲೇಳುವುದನ್ನು ನಾನು ನೋಡಿರಲೇ ಇಲ್ಲ. ಭಾವನ ಮುಖ ಸೊಟ್ಟಗಾಗುವುದನ್ನಷ್ಟೇ ನೋಡಿದ್ದೆ.

ಭಾನುವಾರ ಅವರು ಬರಿಗಣ್ಣಲ್ಲೇ ಗುಂಡು ಹಾರಿಸಿದರು. ತಂಡದ ಜಾಗ ಬೇರೆಯವರ ಪಾಲಾಯಿತು.

“ಸುಮ್ಮನೆ ತೋರಿಸಿ ಸಾರ್, ಅಂದಾಜಿಗೆ ಕೊಡ್ತೇನೆ,” ಎಂದ ನಿನ್ನೆಯ ಕನ್ನಡಕದವನು. ನಾನು ಎರಡೂ ಕೈ ಜೇಬಿಗೆ ತುರುಕಿದೆ.

“ಬೇಡ ಚೇಟ್ಟಾ, ಮೂಗನ್ನೇ ಕರಕೊಂಡು ಬರ್ತೇನೆ.”

ಆ ಭಾನುವಾರ ಸಂಜೆ, “ಬದಲಾಯಿಸಿ ತರ್ತೇನೆ ಭಾವ, ಈ ಸಲ ಸರಿಯಾಗಿ ಮಾಡಿ ತೋರಿಸ್ತೇನೆ,” ಎಂದು ನಾನು ಚಪ್ಪಲಿ ಮೆಟ್ಟಿ ಹೊರಟಿದ್ದೆ. ಭಾವ ಮೌಂಟನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದ್ದರು:

“ಬೇಡ ಮಾರಾಯ, ನೀನೇ ಇಟ್ಟುಕೋ. ನಿನ್ನನ್ನು ನೋಡಿ ಕೊಟ್ಟದ್ದಲ್ವಾ, ನಿನ್ನ ತಲೆ ಮೇಲೆ ಸರಿ ಕೂರ್ತದೆ.”